ಹಾರ್ಟ್ ಬ್ಯಾಚಿನ ವರ್ಷ

ಕಳೆದ ತಿಂಗಳು ಅಮ್ಮನನ್ನು ವಿಜಯನಗರದ ಒಂದು ಹೃದಯದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಅವಳು ದೂರುತ್ತಿದ್ದಳು. ಎಕೋ ಪರೀಕ್ಷೆ ಮುಗಿಸಿ ಡಾಕ್ಟರ ಕೋಣೆಯಲ್ಲಿ ಕೂತೆವು. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ಹೃದಯದ ದೊಡ್ಡದೊಂದು ಚಿತ್ರವಿತ್ತು, ಅರ್ಧ ಕೆಂಪು, ಅರ್ಧ ನೀಲಿ, ಭಾಗಗಳ ಹೆಸರೆಲ್ಲ ಕನ್ನಡದಲ್ಲಿ. ಅಮ್ಮ ಓದಿರುವುದು ನಾಲ್ಕನೇ ಕ್ಲಾಸು. ಎಲ್ಲಿ ಅಕ್ಷರ ಕಂಡರೂ ಕೂಡಿಸಿ ಕೂಡಿಸಿ ಓದದೆ ಬಿಡುವವಳಲ್ಲ. ಓದಿ, ಕನ್ನಡಕ ಸರಿಮಾಡಿಕೊಂಡು, "ಡಾಕ್ಟ್ರೇ, ಎಡ ಅಂತ ಬಲಗಡೆ ಬರೆದವ್ರೆ, ಬಲ ಅಂತ ಎಡಗಡೆ ಬರೆದವ್ರೆ. ಪ್ರೆಸ್ಸಿನೋರು ತಪ್ಪು ಮಾಡವ್ರಾ?" ಎಂದು ಕೇಳಿಬಿಟ್ಟಳು.

ಈಗ ಬೈಗುಳ ಬೀಳುತ್ತದೆ ಎಂದು ಕತ್ತು ಕುಗ್ಗಿಸಿಕೊಂಡು ಕೂತೆ.

ಡಾಕ್ಟರು ನಕ್ಕರು. "ಒಳ್ಳೆ ಪ್ರಶ್ನೆ ಅಮ್ಮ. ಅದು ನಿಮ್ಮೆದುರಿಗೆ ನಿಂತಿರೋರ ಎದೆ. ನಾನೀಗ ನಿಮ್ಮ ಎದುರಿಗೆ ಕೂತಿದೀನಲ್ಲ, ನನ್ನ ಎಡಗೈ ನಿಮ್ಮ ಯಾವ ಕೈ ಕಡೆಗೆ ಬರುತ್ತೆ ನೋಡಿ."

ಅಮ್ಮ ನೋಡಿದಳು. "ಓ, ಬಲಗೈ ಕಡೆಗೆ! ಹಂಗಾ!" ಎಂದು ತಲೆಯಾಡಿಸಿದಳು. ಅಲ್ಲಿಗೆ ಮುಗಿಯಿತು. ಅವರು ಮಾತ್ರೆ ಬರೆಯತೊಡಗಿದರು. ಅಮ್ಮನ ಹೃದಯಕ್ಕೆ ಗಾಬರಿಪಡುವಂಥದ್ದು ಏನೂ ಆಗಿಲ್ಲ ಎಂದು ಹೇಳುತ್ತಿದ್ದರಂತೆ, ನನಗೆ ಅದೂ ಕೇಳಿಸಲಿಲ್ಲ. ಇದೇ ಪ್ರಶ್ನೆಯನ್ನು ನನ್ನ ಗೆಳತಿ ನಾಗರತ್ನ ಹತ್ತನೇ ತರಗತಿಯಲ್ಲಿ ಕೇಳಿದ್ದಳು. ಡಾಕ್ಟರು ಮಾತ್ರೆಯ ಹೆಸರು ನೆನಪಿಸಿಕೊಳ್ಳಲು ತೆಗೆದುಕೊಂಡಷ್ಟು ಹೊತ್ತನ್ನೂ ಅವಳಿಗೆ ಯಾರೂ ಕೊಡಲಿಲ್ಲ.

ನಮ್ಮ ಶಾಲೆ ಬಸವೇಶ್ವರನಗರದಲ್ಲಿತ್ತು, ಈಗಲೂ ಇದೆ. ಕನ್ನಡ ಮಾಧ್ಯಮ, ಒಂದು ಮಹಡಿಯ ಹಳೆಯ ಕಟ್ಟಡ, ಅಂಗಳದಲ್ಲಿ ಎರಡು ಹೊಂಗೆ ಮರ. ನಾನೂ ನಾಗರತ್ನನೂ ಸುಂಕದಕಟ್ಟೆಯಿಂದ ಒಂದೇ ಬಸ್ಸು ಹಿಡಿದು ಬರುತ್ತಿದ್ದೆವು. ಸುತ್ತಮುತ್ತ ಇಂಗ್ಲಿಷ್ ಮೀಡಿಯಂ ಶಾಲೆಗಳು ಎದ್ದು ನಮ್ಮ ಶಾಲೆಗೆ ಮಕ್ಕಳೇ ಬರುವುದು ಕಡಿಮೆಯಾಗಿದ್ದ ಕಾಲ. ಪ್ರತಿ ಮೇ ತಿಂಗಳಲ್ಲಿ 'ಎಸ್ಸೆಸ್ಸೆಲ್ಸಿಯಲ್ಲಿ ಶೇಕಡ ನೂರು ಫಲಿತಾಂಶ' ಎಂದು ಗೇಟಿಗೆ ಫ್ಲೆಕ್ಸ್ ಕಟ್ಟಿದರೆ ಮಾತ್ರ ಜೂನ್‌ನಲ್ಲಿ ನಾಲ್ಕು ಮಕ್ಕಳು ಹೆಚ್ಚಿಗೆ ಸೇರುತ್ತಿದ್ದರು. ಆ ಫ್ಲೆಕ್ಸಿಗಾಗಿ ಏನು ಬೇಕಾದರೂ ಮಾಡುತ್ತಿದ್ದರು. ನಮ್ಮನ್ನು ಬೇರೆ ಮಾಡಿದ್ದೂ ಅದಕ್ಕೇ.

ಜೂನ್‌ ಕೊನೆಯಲ್ಲಿ ಮೊದಲನೇ ಟೆಸ್ಟು. ಹೊರಗೆ ಜಿಟಿಜಿಟಿ ಮಳೆ. ವಿಜ್ಞಾನದಲ್ಲಿ ಫೇಲಾದ ನಮ್ಮನ್ನು ವಿಮಲಾ ಮಿಸ್ ಎಬ್ಬಿಸಿ ನಿಲ್ಲಿಸಿ, ಚೀಲ ಎತ್ತಿಕೊಂಡು ಕೆಳಗಿನ ವರಾಂಡಕ್ಕೆ ಹೋಗಿ ಎಂದರು. ಅಲ್ಲಿಂದಾಚೆಗೆ ವಿಜ್ಞಾನದ ಪಿರಿಯಡ್ಡು ಬಂದರೆ ಉಳಿದವರು ಇನ್ನೊಬ್ಬ ಮೇಷ್ಟರ ಜೊತೆ ಮೇಲಿನ ಕ್ಲಾಸಿನಲ್ಲಿ, ಲ್ಯಾಬಿನಲ್ಲಿ. ನಾವು ಮಿಸ್ ಜೊತೆ ವರಾಂಡದ ಚಾಪೆಯ ಮೇಲೆ. ನಾನು ಫೇಲಾದದ್ದು ನ್ಯಾಯವಾಗಿಯೇ, ನನಗೆ ಏನೂ ತಲೆಗೆ ಹೋಗುತ್ತಿರಲಿಲ್ಲ. ನಾಗರತ್ನ ಫೇಲಾದದ್ದು ಬರೆಯುತ್ತಾ ಬರೆಯುತ್ತಾ ನಿಂತುಬಿಡುತ್ತಿದ್ದಳು ಎಂಬ ಕಾರಣಕ್ಕೆ. ಪ್ರಶ್ನೆ ಓದಿದರೆ ಅವಳ ತಲೆಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತಿತ್ತು. ಅದನ್ನು ಬಿಡಿಸಿಕೊಳ್ಳುವುದರೊಳಗೆ ಬೆಲ್ಲು ಹೊಡೆದಿರುತ್ತಿತ್ತು.

ನಮಗೆ ಕೊಟ್ಟದ್ದರ ಹೆಸರು ಪಾಸಿಂಗ್ ಪ್ಯಾಕೇಜ್. ಪುಸ್ತಕ ಪೂರ್ತಿ ಓದುವಂತಿಲ್ಲ. ಹೃದಯ, ಕಣ್ಣು, ಮೆದುಳು, ಮೂತ್ರಜನಕಾಂಗ, ಇವುಗಳ ಚಿತ್ರ. ರಸಾಯನದಲ್ಲಿ ಸತುವಿನ ಚೂರಿಗೆ ಆಮ್ಲ ಹಾಕಿ ಹೈಡ್ರೋಜನ್ ತೆಗೆಯುವ ಉಪಕರಣದ ಚಿತ್ರ, ಬಾಯಿಪಾಠ ಮಾಡಲು ಕೆಲವು ಸಮೀಕರಣ. ಇಷ್ಟನ್ನೇ ಜೂನ್‌ನಿಂದ ಮಾರ್ಚ್‌ವರೆಗೆ ಬರೆದದ್ದೇ ಬರೆಯುವುದು. ಪಾಸಿಗೆ ಎಷ್ಟು ಬೇಕೋ ಅಷ್ಟು ಅಂಕ, ಅದಕ್ಕಿಂತ ಒಂದು ಹೆಚ್ಚಿಲ್ಲ. ಹೃದಯ ಪ್ರತಿ ವರ್ಷ ಬಂದೇ ಬರುತ್ತದೆ ಎಂದು ಮಿಸ್ಸಿಗೆ ಖಾತ್ರಿ. ಹಾಗಾಗಿ ದಿನಾ ಬೆಳಿಗ್ಗೆ ಮೊದಲು ಹೃದಯ. ಮೇಲಿನವರು ನಮಗೆ ಹಾರ್ಟ್ ಬ್ಯಾಚ್ ಎಂದು ಹೆಸರಿಟ್ಟರು. ತುಂಟ ಹುಡುಗರು ಹಾರ್ಟ್ ಪೇಷೆಂಟ್ಸ್ ಅನ್ನುತ್ತಿದ್ದರು.

ವಿಮಲಾ ಮಿಸ್ ಕೆಟ್ಟವರಲ್ಲ ಎಂದು ಬರೆಯಬೇಕೆಂದುಕೊಂಡೆ. ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಸಂಜೆ ಸ್ಪೆಷಲ್ ಕ್ಲಾಸಿಗೆ ಉಳಿದಾಗ ಮನೆಯಿಂದ ಡಬ್ಬಿ ತುಂಬ ಉಪ್ಪಿಟ್ಟು ತರುತ್ತಿದ್ದರು, ನಿಜ. ತಮ್ಮ ಕೈಯಾರೆ ಬಡಿಸುತ್ತಿದ್ದರು. ಅದೇ ಕೈಯಲ್ಲಿ ಮರದ ಸ್ಕೇಲು ಹಿಡಿದು, ಅಂಚು ತಿರುಗಿಸಿ, ಗಿಣ್ಣಿನ ಮೇಲೆ ಹೊಡೆಯುತ್ತಿದ್ದರು. "ನಿಮಗೆ ಅರ್ಥ ಆಗೋದು ನನಗೆ ಬೇಕಾಗಿಲ್ಲ. ಬಂದ್ರೆ ಸಾಕು," ಎಂಬುದು ಅವರ ಮಾತು. ಅವರ ಉಪ್ಪಿಟ್ಟಿಗೆ ನಾನು ಋಣಿಯಲ್ಲ.

ನಾವು ಕೂರುತ್ತಿದ್ದ ಜಾಗದ ಮೇಲೆಯೇ ಲ್ಯಾಬು. ಆಗಸ್ಟಿನಲ್ಲಿ ಒಂದು ದಿನ ಮೇಲಿನಿಂದ ಪಟ್ ಎಂದು ಸದ್ದು ಕೇಳಿತು, ಹಿಂದೆಯೇ ಮಕ್ಕಳೆಲ್ಲ ಹೋ ಎಂದು ಕೂಗಿದರು. ಇನ್ನೊಂದು ಪಟ್, ಇನ್ನೊಂದು ಹೋ. ನಾವು ಹೈಡ್ರೋಜನ್ ಉಪಕರಣದ ಚಿತ್ರ ಬರೆಯುತ್ತಿದ್ದೆವು. ಪ್ರನಾಳ, ಬಾಗಿದ ಕೊಳವೆ, ಸೋಪಿನ ನೀರು, ಗುಳ್ಳೆ, ಪಕ್ಕದಲ್ಲಿ ಉರಿಯುವ ಮೇಣದಬತ್ತಿ. ನಾಗರತ್ನ ಪೆನ್ಸಿಲ್ ನಿಲ್ಲಿಸಿ ಮೇಲೆ ನೋಡಿದಳು, ಪುಸ್ತಕ ನೋಡಿದಳು, ಮತ್ತೆ ಮೇಲೆ ನೋಡಿದಳು.

"ಗೀತಾ, ಈ ಮೇಣದಬತ್ತಿ ಯಾಕಿದೆ ಹೇಳು ಇಲ್ಲಿ?"

"ಯಾಕೋ. ಬತ್ತಿ ಬರೀದಿದ್ರೆ ಅರ್ಧ ಮಾರ್ಕ್ಸ್ ಕಟ್ ಅಂತೆ."

"ಅಲ್ಲ ಕಣೇ. ಗುಳ್ಳೆನ ಬತ್ತಿ ಹತ್ರ ತಗೊಂಡೋದ್ರೆ ಒಡೆಯುತ್ತೆ. ಒಳಗಿರೋ ಗಾಳಿ ಹತ್ಕೊಳ್ಳುತ್ತೆ. ಮೇಲೆ ಕೇಳ್ತಲ್ಲ, ಆ ಸದ್ದು ಇದೇ ಕಣೇ! ನಾವು ಬರೀತಿರೋದು ಆ ಸದ್ದನ್ನ!"

ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಯಾರೂ ಹೇಳಿಕೊಡದೆ, ಬರಿಯ ಚಿತ್ರ ಮತ್ತು ತಾರಸಿಯಾಚೆಯ ಸದ್ದು ಕೂಡಿಸಿ ಕಂಡುಕೊಂಡಿದ್ದಳು. ಒಂದೇ ಒಂದು ಸಲ ನೋಡಿ ಬರುತ್ತೇನೆ ಎಂದು ಮಿಸ್ಸನ್ನು ಬೇಡಿಕೊಂಡಳು. "ನಿಮ್ಮ ಕಾಲು ಮೆಟ್ಟಿಲ ಮೇಲೆ ಕಾಣಬಾರದು. ಅಲ್ಲಿ ಓದೋ ಮಕ್ಕಳಿದಾರೆ," ಎಂದರು ಅವರು. ನಾಗರತ್ನ ಮರಳಿ ಬಂದು ಗುಳ್ಳೆಗಳನ್ನು ದುಂಡಗೆ ಬರೆದು ಮುಗಿಸಿದಳು.

ಅವಳಿಗೆ ಲ್ಯಾಬೆಂದರೆ ಯಾಕೆ ಅಷ್ಟು ಆಸೆಯೆಂದು ಹೇಳಬೇಕು. ಅದಕ್ಕೆ ಹಿಂದಿನ ವರ್ಷ ಅವಳಿಗೆ ಟೈಫಾಯಿಡ್ ಆಗಿ, ಕಾಮಾಕ್ಷಿಪಾಳ್ಯದ ಒಂದು ಲ್ಯಾಬಿನಲ್ಲಿ ರಕ್ತ ಕೊಡಲು ಹೋಗಿದ್ದಳು. ಬಿಳಿ ಕೋಟು ಹಾಕಿದ ಒಬ್ಬಳು ಹುಡುಗಿ ನೋವೇ ಆಗದ ಹಾಗೆ ರಕ್ತ ತೆಗೆದು, ಹಾಗೇ ಸೂಕ್ಷ್ಮದರ್ಶಕದಲ್ಲಿ ಇಣುಕಲೂ ಬಿಟ್ಟಿದ್ದಳಂತೆ. ಆವತ್ತೇ ನಾಗರತ್ನ ತೀರ್ಮಾನ ಮಾಡಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದರೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾಕ್ಕೆ ಸೇರಬಹುದು. ಅವಳ ತಾಯಿ ಜಯಮ್ಮ ಗಾರ್ಮೆಂಟ್ಸಿನಲ್ಲಿ ಟೈಲರು, ತಂದೆ ತೀರಿಕೊಂಡಿದ್ದರು. "ಪಾಸಾದ್ರೆ ನಿನ್ನಿಷ್ಟ, ಓದಿಸ್ತೀನಿ. ಫೇಲಾದ್ರೆ ಮಾತಾಡಂಗಿಲ್ಲ, ನನ್ ಜೊತೆ ಬಂದು ದಾರ ಕತ್ತರಿಸು," ಎಂದು ಜಯಮ್ಮ ಹೇಳಿದ್ದಳು. ನಾಗರತ್ನ ಒಪ್ಪಿದ್ದಳು. ಪಾಸಾಗುತ್ತೇನೋ ಇಲ್ಲವೋ ಎಂಬ ಅನುಮಾನ ಅವಳಿಗೆ ಇರಲೇ ಇಲ್ಲ.

ನವೆಂಬರ್ ಬಂತು. ವರಾಂಡದ ನೆಲ ಕೊರೆಯುತ್ತಿತ್ತು. ಚಾಪೆಯ ಮೇಲೆ ಕಾಲು ಮಡಚಿ ಕೂತು ಹೃದಯ ಬರೆಯುವಾಗ ನಾಗರತ್ನ ಎದ್ದು ನಿಂತಳು.

"ಮಿಸ್, ಎಡ ಹೃತ್ಕರ್ಣ ಅಂತ ಬಲಗಡೆ ಯಾಕೆ ಬರೀತೀವಿ? ನಮ್ಮ ಎಡಗೈ ಈ ಕಡೆ ಇದೆ ಅಲ್ವಾ ಮಿಸ್?"

"ಬುಕ್ಕಲ್ಲಿ ಹಂಗಿದೆ. ಬರಿ."

"ಬುಕ್ಕಲ್ಲಿ ಯಾಕೆ ಹಂಗಿದೆ ಮಿಸ್?"

ಮಿಸ್ ಪುಸ್ತಕ ಮುಚ್ಚಿಟ್ಟರು. ಅವರಿಗೂ ಉತ್ತರ ಗೊತ್ತಿರಲಿಲ್ಲವೋ, ಗೊತ್ತಿದ್ದೂ ನಮ್ಮಂಥವರಿಗೆ ಯಾಕೆಂದು ಬಿಟ್ಟರೋ, ಇವತ್ತಿಗೂ ನನಗೆ ತಿಳಿಯದು. ಎರಡರಲ್ಲಿ ಯಾವುದಾದರೂ ನನ್ನ ಸಿಟ್ಟು ಕಡಿಮೆಯಾಗುವುದಿಲ್ಲ.

"ಪಾಸಾಗೋ ಯೋಗ್ಯತೆ ಇಲ್ಲ, ಬುಕ್ ಬರೆದೋರ ತಪ್ಪು ಹಿಡಿಯಕ್ಕೆ ಬಂದ್ಲು. ಹಾರ್ಟ್ ಎಲ್ಲಿದೆ ಅಂತ ಗೊತ್ತಾಗ್ಬೇಕಾ? ಬಾ ಇಲ್ಲಿ, ತೋರಿಸ್ತೀನಿ."

ಅವಳು ಬರೆದಿದ್ದ ಹಾಳೆಯನ್ನು ಹರಿದರು. ತಮ್ಮ ಕರಿಮಣಿ ಸರಕ್ಕೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನು ಬಿಚ್ಚಿ, ಆ ಹಾಳೆಯನ್ನು ನಾಗರತ್ನನ ಯೂನಿಫಾರ್ಮಿನ ವೇಲಿಗೆ, ಎದೆಯ ನಡುವೆ, ಚುಚ್ಚಿ ನಿಲ್ಲಿಸಿದರು. ಪಿನ್ನು ಬಟ್ಟೆ ದಾಟಿ ಒಳಗೂ ತಾಗಿತೆಂದು ಅವಳು ಹಾ ಎಂದದ್ದರಿಂದ ಗೊತ್ತಾಯಿತು. ಮಧ್ಯಾಹ್ನದ ಊಟದ ಬೆಲ್ಲು ಹೊಡೆದಾಗ ಮೆಟ್ಟಿಲ ಬುಡದಲ್ಲಿ, ಮೇಲಿನವರೆಲ್ಲ ಇಳಿದು ಬರುವ ದಾರಿಯಲ್ಲಿ, ಅವಳನ್ನು ನಿಲ್ಲಿಸಿದರು.

"ಲೋ ಮಚ್ಚಾ, ಹಾರ್ಟ್ ಪೇಷೆಂಟ್‌ಗೆ ಆಪರೇಷನ್ ಆಗೋಯ್ತು ಕಣೋ, ಹಾರ್ಟ್ ಹೊರಗಡೆ ಬಂದೈತೆ!" ಎಂದು ಒಬ್ಬ ಕೂಗಿದ. ಇನ್ನೊಬ್ಬ ಟೈ ಬಿಚ್ಚಿ ಕಿವಿಗೆ ಇಟ್ಟುಕೊಂಡು, "ಉಸಿರು ಎಳ್ಕೊಳಮ್ಮಾ," ಎಂದ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮಿಸ್ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಅವರೂ ಸ್ವಲ್ಪ ನಕ್ಕರು. ನಾಗರತ್ನ ತಲೆ ಬಗ್ಗಿಸಿ ನಿಂತೇ ಇದ್ದಳು. ಅವಮಾನಕ್ಕೆ ಅಳುತ್ತಿದ್ದಾಳೆ ಎಂದುಕೊಂಡೆ. ನನ್ನ ಕೈಯಲ್ಲಿದ್ದ ಡಬ್ಬಿಯನ್ನು ಆವತ್ತು ನಾನು ತೆರೆಯಲೇ ಇಲ್ಲ.

ಸಂಜೆ ಬಸ್ಸಿನಲ್ಲಿ ಅವಳ ಕಣ್ಣು ಒಣಗಿತ್ತು. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತೇ ಇತ್ತು. ನನ್ನ ಕಿವಿಯ ಹತ್ತಿರ ಬಾಗಿ, "ಗೀತಾ, ನಾನು ಬಗ್ಗಿ ನೋಡ್ದೆ ಕಣೇ," ಎಂದಳು. "ಮಿಸ್ಸೇ ಪಿನ್ ಹಾಕಿದ್ರಲ್ಲ, ಆಗ ಎಡ ಹೃತ್ಕರ್ಣ ನನ್ನ ಎಡಗಡೆಗೇ ಬಂತು. ಬಲ, ಬಲಗಡೆಗೆ. ಮೈ ಮೇಲೆ ಇಟ್ರೆ ಎಲ್ಲ ಸರಿಯಾಗೇ ಇದೆ. ಬರೆಯೋವಾಗ ಮಾತ್ರ ಉಲ್ಟಾ ಬರೆಸ್ತಿದಾರೆ. ತಪ್ಪು ನಂದಲ್ಲ, ಮಿಸ್ಸಿಂದು."

ಉತ್ತರ ಅವಳ ಎದೆಯ ಮೇಲೇ ಇತ್ತು. ಹಾಳೆ ಹೊರಮುಖವಾಗಿತ್ತು, ಎದುರಿಗೆ ನಿಂತು ನಗುತ್ತಿದ್ದವರಿಗೆ ಎಲ್ಲ ನೇರವಾಗಿ ಕಾಣುತ್ತಿತ್ತು. ಅವಳ ಎಡ ನಮ್ಮ ಬಲಕ್ಕೆ, ಚಿತ್ರದ ಎಡವೂ ನಮ್ಮ ಬಲಕ್ಕೆ. ಅವಳೊಬ್ಬಳು ಅದನ್ನು ಮೇಲಿನಿಂದ ಬಗ್ಗಿ, ತಲೆಕೆಳಗಾಗಿ ನೋಡಿದಳು. ಹಾಗೆ ನೋಡಿದಾಗ ಎಡ ಎಡಕ್ಕೇ ಕಂಡಿತು. ಮಿಸ್ ಕೊಟ್ಟ ಶಿಕ್ಷೆಯನ್ನೇ ಅವಳು ಸಾಕ್ಷಿ ಮಾಡಿಕೊಂಡಳು.

"ಮಿಸ್ ಹೇಳ್ಕೊಟ್ಟಂಗೇ ಬರಿಯೇ ತಾಯಿ," ಎಂದೆ ನಾನು.

"ಕ್ಲಾಸಲ್ಲಿ ಹಂಗೇ ಬರೀತೀನಿ. ಇನ್ನೊಂದ್ಸಲ ಪಿನ್ ಹಾಕಿಸ್ಕೊಳ್ಳಲ್ಲ. ಆದ್ರೆ ಪಬ್ಲಿಕ್ ಎಗ್ಸಾಮಲ್ಲಿ ಪೇಪರ್ ತಿದ್ದೋರು ದೊಡ್ಡೋರು ಕಣೇ, ಗೊತ್ತಿರೋರು. ಅವರಿಗೆ ಸರಿ ಯಾವುದು ಅಂತ ಗೊತ್ತಿರುತ್ತೆ."

ಇದು ಮಾತಿಗೆ ಆಡಿದ್ದು ಎಂದುಕೊಂಡೆ. ಡಿಸೆಂಬರ್, ಜನವರಿ, ಪೂರ್ವಸಿದ್ಧತಾ ಪರೀಕ್ಷೆ, ಎಲ್ಲದರಲ್ಲೂ ಅವಳು ಮಿಸ್ ಹೇಳಿದಂತೆಯೇ ಬರೆದಳು. ಮಿಸ್ಸಿಗೆ ಸಮಾಧಾನವಾಯಿತು. "ನೋಡಿ, ಪಿನ್ನು ಎಷ್ಟು ಕೆಲಸ ಮಾಡ್ತು," ಎಂದು ನಮ್ಮೆಲ್ಲರ ಮುಂದೆ ಹೇಳಿಕೊಂಡರು. ಅವಳು ನನ್ನ ಕಡೆ ನೋಡಿ ಒಂದು ಹುಬ್ಬು ಎತ್ತಿದಳು. ಫೆಬ್ರವರಿಯ ಧೂಳಿನಲ್ಲಿ ಹೊಂಗೆ ಎಲೆ ಉದುರಿ ಮುಗಿದು, ಮಾರ್ಚಿನಲ್ಲಿ ಹೊಸ ಎಲೆ ಬಂದು ಹೂವು ಬಿಡುವ ಹೊತ್ತಿಗೆ ಪರೀಕ್ಷೆ ಶುರುವಾಯಿತು.

ಪರೀಕ್ಷಾ ಕೇಂದ್ರ ರಾಜಾಜಿನಗರದ ಇನ್ನೊಂದು ಶಾಲೆ. ವಿಜ್ಞಾನದ ಪತ್ರಿಕೆ ಕೈಗೆ ಬಂದಾಗ ಹುಡುಕಿದ್ದು ಒಂದನ್ನೇ. ಹೃದಯ ಇತ್ತು! ನಾಲ್ಕು ಭಾಗ ಗುರುತಿಸಬೇಕು, ರಕ್ತ ಯಾವ ಕೋಣೆಯಿಂದ ಎಲ್ಲಿಗೆ ಹೋಗುತ್ತದೆ ಎಂದು ಬಾಣ ಹಾಕಬೇಕು. ನಾನು ಕಣ್ಣು ಮುಚ್ಚಿ ಬೇಕಾದರೂ ಬರೆಯಬಲ್ಲವಳಾಗಿದ್ದೆ. ಎಡವನ್ನು ಬಲಕ್ಕೆ, ಬಲವನ್ನು ಎಡಕ್ಕೆ ಬರೆದು ಬಂದೆ. ಯಾಕೆಂದು ನನಗೆ ಗೊತ್ತಿರಲಿಲ್ಲ, ಗೊತ್ತಾಗಬೇಕೆಂಬ ಆಸೆಯೂ ಇರಲಿಲ್ಲ.

ಗೇಟಿನ ಹೊರಗೆ ನಾಗರತ್ನ ಓಡಿ ಬಂದು ನನ್ನ ಭುಜ ಹಿಡಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಆ ವರ್ಷದಲ್ಲಿ ನೋಡಿದ್ದು ಗುಳ್ಳೆಯ ಸದ್ದಿನ ದಿನ ಒಂದೇ. "ಸರಿ ಮಾಡಿ ಬಂದೆ ಕಣೇ! ಎಡ ಎಡಕ್ಕೆ, ಬಲ ಬಲಕ್ಕೆ. ಬಾಣನೂ ಅದಕ್ಕೆ ತಕ್ಕಂಗೆ ತಿರುಗಿಸ್ದೆ!"

ಪಕ್ಕದಲ್ಲಿ ನಮ್ಮ ಶಾಲೆಯ ದೀಪಾ ನಿಂತಿದ್ದಳು. ಮೇಲಿನ ಕ್ಲಾಸಿನವಳು, ಯಾವಾಗಲೂ ಫಸ್ಟ್ ಬರುವವಳು. ಅವಳಿಗೆ ಕೇಳಿಸಿತು. "ಅಯ್ಯೋ, ಏನೇ ಮಾಡ್ಬಿಟ್ಟೆ?" ಎಂದು ನಗುತ್ತಲೇ ನಾಗರತ್ನನ ಎದುರಿಗೆ ಬಂದು ನಿಂತು, ತನ್ನ ಎಡಗೈ ಎತ್ತಿದಳು. "ನಾನು ಎದುರಿಗಿದೀನಿ. ನನ್ನ ಎಡ ನಿನಗೆ ಯಾವ ಕಡೆ ಕಾಣುತ್ತೆ? ಚಿತ್ರ ಅಂದ್ರೆ ಎದುರಿಗಿರೋರು ಕಣೇ. ನಮಗೆ ಇದನ್ನ ಜುಲೈನಲ್ಲೇ ಹೇಳಿದ್ರಲ್ಲ, ನಿಮಗೆ ಹೇಳಿರ್ಲಿಲ್ವಾ?"

ನಾಗರತ್ನ ಆ ಎತ್ತಿದ ಕೈ ನೋಡಿದಳು. ತನ್ನ ಕೈ ನೋಡಿಕೊಂಡಳು. ಅವಳಿಗೆ ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಅರ್ಥವಾಗುವುದನ್ನು ನಾನು ಅವಳ ಮುಖದಲ್ಲಿ ನೋಡಿದೆ, ಇವತ್ತಿಗೂ ನೋಡುತ್ತಿದ್ದೇನೆ. ಆ ಶಾಲೆಯ ಗೇಟಿನಲ್ಲೂ ಹೊಂಗೆ ಮರವಿತ್ತು, ಹೂವು ನಮ್ಮ ತಲೆಯ ಮೇಲೆ ಉದುರುತ್ತಿತ್ತು. ದೀಪಾಳ ಅಪ್ಪ ಸ್ಕೂಟರಿನಲ್ಲಿ ಬಂದು ಹಾರ್ನ್ ಹೊಡೆದರು, ಅವಳು ಆಲ್ ದಿ ಬೆಸ್ಟ್ ಎಂದು ಹೇಳಿ ಹೊರಟುಹೋದಳು.

ಉಳಿದ ಬೇಸಿಗೆಯನ್ನು ನಾಗರತ್ನ ಲೆಕ್ಕ ಹಾಕುತ್ತಾ ಕಳೆದಳು. ಚಿತ್ರಕ್ಕೆ ಇಷ್ಟು, ಭಾಗಕ್ಕೆ ಇಷ್ಟು, ಬಾಣಕ್ಕೆ ಇಷ್ಟು. ಚಿತ್ರ ಚೆನ್ನಾಗಿ ಬಂದಿತ್ತು, ಅಯ್ಯೋ ಪಾಪ ಎಂದು ಯಾರಾದರೂ ಒಂದೆರಡು ಹಾಕಿದರೆ ಸಾಕಿತ್ತು. ಯಾರೂ ಹಾಕಲಿಲ್ಲ. ಮೇ ತಿಂಗಳಲ್ಲಿ ಫಲಿತಾಂಶ ಬಂತು, ವಿಜ್ಞಾನವೊಂದರಲ್ಲಿ ಎರಡು ಅಂಕ ಕಡಿಮೆ. ಪಾಸಿಗೆ ಬೇಕಾದಷ್ಟನ್ನೇ ಅಳೆದು ಕೊಟ್ಟಿದ್ದ ಪ್ಯಾಕೇಜಿನಲ್ಲಿ ಎರಡು ಅಂಕದ ಸಡಿಲ ಎಲ್ಲಿಂದ ಬರಬೇಕು? ಹಾರ್ಟ್ ಬ್ಯಾಚಿನ ಉಳಿದ ನಾವೆಲ್ಲ ಪಾಸು. ಇಡೀ ಶಾಲೆಯಲ್ಲಿ ಫೇಲಾದವಳು ಅವಳೊಬ್ಬಳೇ.

ಅಂಕಪಟ್ಟಿ ತರಲು ಹೋದ ದಿನ ಮಿಸ್ ಅಂಗಳದಲ್ಲೇ ಸಿಕ್ಕಿದರು. ಗೇಟಿನ ಕಂಬಿಯ ಮೇಲೆ ಫ್ಲೆಕ್ಸ್ ಇರಲಿಲ್ಲ. ನಾಗರತ್ನನ ಜೊತೆ ಜಯಮ್ಮ ಅರ್ಧ ದಿನ ರಜೆ ಹಾಕಿ ಬಂದಿದ್ದಳು.

"ನೋಡಮ್ಮ ನಿನ್ನ ಮಗಳ ಕೆಲಸ. ದಿನಾ ಬರೆಸಿದೀನಿ, ದಿನಾ! ಕೊನೆಗೆ ಬೇಕು ಬೇಕಂತ ಉಲ್ಟಾ ಬರೆದು ಬಂದ್ಲಂತೆ, ದೀಪಾ ಹೇಳಿದ್ಲು. ನನ್ನ ನೂರಕ್ಕೆ ನೂರು ಹಾಳು ಮಾಡಿದ್ಲು. ಹೆಡ್ಮಾಸ್ಟರ ಮುಂದೆ ನಾನು ತಲೆ ಎತ್ತಂಗಿಲ್ಲ."

ಈಗಲಾದರೂ ಜಯಮ್ಮ ಏನಾದರೂ ಕೇಳುತ್ತಾಳೆ ಎಂದುಕೊಂಡೆ. ದಿನಾ ಬರೆಸುವ ಬದಲು ಒಂದು ದಿನ ಹೇಳಿಕೊಡಬಹುದಿತ್ತಲ್ಲ ಎಂದು ಕೇಳುತ್ತಾಳೆ. ಜಯಮ್ಮ ತಿರುಗಿ ಮಗಳ ಕೆನ್ನೆಗೆ ಹೊಡೆದಳು. ಆಮೇಲೆ ಮಿಸ್ಸಿಗೆ ಕೈ ಮುಗಿದಳು. "ತಪ್ಪಾಯ್ತು ಮೇಡಂ. ನೀವು ಇಷ್ಟು ಕಷ್ಟಪಟ್ಟು ಹೇಳ್ಕೊಟ್ರಿ. ಇದಕ್ಕೆ ತಲೆ ಇಲ್ಲ."

ಜೂನ್‌ನಲ್ಲಿ ಮರುಪರೀಕ್ಷೆ ಇತ್ತು, ನಾನು ಎಷ್ಟು ಗೋಗರೆದರೂ ನಾಗರತ್ನ ಕಟ್ಟಲಿಲ್ಲ. "ಮತ್ತೆ ಅದೇ ಹಾರ್ಟ್ ಬರೀಬೇಕಲ್ವಾ?" ಎಂದಳು ಅಷ್ಟೇ. ನಾನು ಪಿಯುಸಿಗೆ ಕಾಮರ್ಸ್ ಸೇರಿದ ವಾರವೇ ಅವಳು ಸುಂಕದಕಟ್ಟೆಯ ಒಂದು ಸಣ್ಣ ಯೂನಿಟ್ಟಿನಲ್ಲಿ ದಾರ ಕತ್ತರಿಸಲು ಕೂತಳು.

ವರ್ಷಗಳಾದ ಮೇಲೆ ಒಮ್ಮೆ ಬಸ್ಸಿನಲ್ಲಿ ಸಿಕ್ಕಿದ್ದಳು. ಶರ್ಟು ತಯಾರಿಸುವ ದೊಡ್ಡ ಫ್ಯಾಕ್ಟರಿಯಲ್ಲಿ ಚೆಕಿಂಗ್ ಕೆಲಸಕ್ಕೆ ಬಂದಿದ್ದಳಂತೆ. "ಮೊದಲನೇ ದಿನವೇ ಏನು ಹೇಳ್ಕೊಟ್ರು ಗೊತ್ತಾ?" ಎಂದು ನಕ್ಕಳು. "ಶರ್ಟನ್ನ ಮೇಜಿನ ಮೇಲೆ ಹಾಸಿದ್ರೆ ಜೇಬು ನಿನ್ನ ಬಲಗಡೆ ಕಾಣುತ್ತೆ, ಆದ್ರೆ ಅದು ಎಡಜೇಬು, ಹಾಕ್ಕೊಳ್ಳೋನು ಎದುರಿಗಿದಾನೆ ಅಂದ್ಕೋ ಅಂದ್ರು. ಅಷ್ಟೇ ಗೀತಾ. ಬೈಯ್ಲೂ ಇಲ್ಲ." ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಅವಳ ಸ್ಟಾಪು ಬಂತು, ಇಳಿದು ಹೋದಳು.

ಆಸ್ಪತ್ರೆಯಿಂದ ಅಮ್ಮನನ್ನು ಮನೆಗೆ ಕರೆತಂದಾಗ ಅಕ್ಕನ ಮಗಳು ಸಿಂಚನಾ ನಡುಮನೆಯಲ್ಲಿ ಕೂತು ಬರೆಯುತ್ತಿದ್ದಳು. ಈ ವರ್ಷ ಹತ್ತನೇ ತರಗತಿ, ನಾವು ಓದಿದ ಶಾಲೆಯೇ. ಇಣುಕಿ ನೋಡಿದರೆ ಹೃದಯ. ಎಡ ಬಲಕ್ಕೆ, ಬಲ ಎಡಕ್ಕೆ, ಒಂದೂ ತಪ್ಪಿಲ್ಲ.

"ಚೆನ್ನಾಗಿ ಬರ್ದಿದೀಯ," ಎಂದೆ.

"ನಿನ್ನೆ ನಾಗರತ್ನ ಮಾಡ್ಬಿಟ್ಟಿದ್ದೆ ಚಿಕ್ಕಿ. ಅದಕ್ಕೆ ಮಿಸ್ ಇಪ್ಪತ್ತು ಸಲ ಬರಿ ಅಂದಿದಾರೆ."

"ಏನು ಮಾಡ್ಬಿಟ್ಟಿದ್ದೆ?"

"ನಾಗರತ್ನ. ಎಡ ಬಲ ಉಲ್ಟಾ ಬರೆದ್ರೆ ಹಂಗಂತಾರೆ ನಮ್ಮ ಸ್ಕೂಲಲ್ಲಿ."

"ನಾಗರತ್ನ ಅಂದ್ರೆ ಯಾರು?"

"ಯಾರೂ ಅಲ್ಲ ಚಿಕ್ಕಿ. ಅದು ತಪ್ಪಿನ ಹೆಸರು."

ಅಮ್ಮ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಎಡ ಯಾಕೆ ಬಲಕ್ಕಿದೆ ಎಂದು ಮಿಸ್ಸನ್ನು ಕೇಳಿದೆಯಾ ಎಂದೆ. ಅಯ್ಯೋ, ಕೇಳಿದರೆ ಹಾಳೆಯನ್ನು ಎದೆಗೆ ಪಿನ್ ಹಾಕಿ ನಿಲ್ಲಿಸುತ್ತಾರೆ ಎಂದಳು ಸಿಂಚನಾ. ನಾನು ಅವಳ ಕೈಯಿಂದ ಹಾಳೆ ತೆಗೆದುಕೊಂಡೆ. ನನ್ನ ಎದೆಗೆ ಒತ್ತಿ ಹಿಡಿದು, ಅವಳ ಎದುರಿಗೆ ನಿಂತು, ಎಡಗೈ ಎತ್ತಿದೆ. ಅವಳು ಕೈ ನೋಡಿದಳು, ಹಾಳೆ ನೋಡಿದಳು. ಅವಳ ಕಣ್ಣು ಅಗಲವಾಯಿತು.

"ಇಷ್ಟೇನಾ!" ಎಂದಳು.

"ಇಷ್ಟೇ," ಎಂದೆ. ನಾಗರತ್ನ ಯಾರೆಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಸಿಂಚನಾ ಹಾಳೆಯನ್ನು ಕಿತ್ತುಕೊಂಡು, ಮತ್ತೆ ಪೆನ್ಸಿಲ್ ಹಿಡಿದು, "ಥೂ, ಇಷ್ಟೂ ಗೊತ್ತಿರ್ಲಿಲ್ವಾ ಆ ನಾಗರತ್ನಂಗೆ? ಎಂಥ ದಡ್ಡಿ ಇರ್ಬೇಕು ಚಿಕ್ಕಿ ಅವಳು!" ಎಂದು ನಕ್ಕಳು.

ನನ್ನ ಎಡಗೈ ಇನ್ನೂ ಎತ್ತಿದಂತೆಯೇ ಇತ್ತು. ಆ ಕೈ ಅವಳ ಕೆನ್ನೆಗೆ ಬೀಳದಂತೆ ಕೆಳಗಿಳಿಸಲು ನನಗೆ ಬಹಳ ಹೊತ್ತು ಬೇಕಾಯಿತು.